ಆ ನೆಗ್ಗನ್ನು ಉಳಿಸಿದವನ ಹೆಸರು

ಹುಣಸೂರಿನ ಗಾಳಿಯಲ್ಲೇ ತಿಂಗಳು ಗೊತ್ತಾಗುತ್ತಿದ್ದ ದಿನಗಳವು. ಬ್ಯಾರನ್ ಎಂಬ ಒಲೆಮನೆಗಳಲ್ಲಿ ಹೊಗೆಸೊಪ್ಪು ಬೇಯಿಸುವುದು ಶುರುವಾದರೆ ಊರಿಗೆ ಊರೇ ಬೆಲ್ಲ ಸೀದಂಥ ಘಾಟಿನಲ್ಲಿ ಮುಳುಗುತ್ತಿತ್ತು. ನಾನು ನಾಲ್ಕನೇ ತರಗತಿಯಲ್ಲಿದ್ದ ವರ್ಷ, ಅದೇ ಘಾಟನ್ನು ಮೈತುಂಬ ಹೊತ್ತ ರೇಸ್ ಕಾರೊಂದು ಲಾರಿಯ ಮೇಲೆ ನಮ್ಮ ಶೆಡ್ಡಿಗೆ ಬಂತು.

ಶೆಡ್ಡು ಪಿರಿಯಾಪಟ್ಟಣ ರಸ್ತೆಯಲ್ಲಿತ್ತು. ಟಿಂಕರ್ ಸಿದ್ದಾಚಾರಿ ಎಂದರೆ ಕೆ.ಆರ್. ನಗರದಿಂದ ಎಚ್.ಡಿ. ಕೋಟೆಯವರೆಗೆ ಜೀಪು ಗುದ್ದಿಸಿಕೊಂಡವರೆಲ್ಲರಿಗೂ ಗೊತ್ತು. ಅವನೇ ನನ್ನ ಅಪ್ಪ. ಹಾರನಹಳ್ಳಿಯ ಕುಲುಮೆಯಲ್ಲಿ ತಾತ ನೇಗಿಲ ಗುಳ ಬಡಿಯುತ್ತಿದ್ದ. ಅಪ್ಪ ಅಲ್ಲಿಂದ ತಗಡಿಗೆ ಬಂದಿದ್ದ.

ಹಾರನಹಳ್ಳಿಯ ಆಚೆ ಪಾಳುಬಿದ್ದ ಬ್ಯಾರನ್ನೊಂದರಲ್ಲಿ, ಹರಿದ ಟಾರ್ಪಾಲಿನ ಕೆಳಗೆ, ಆ ಕಾರು ಎಷ್ಟೋ ವರ್ಷ ಮಲಗಿತ್ತಂತೆ. ವಯಸ್ಸಿನಲ್ಲಿ ಮದರಾಸಿನ ಕಡೆಗೆ ರೇಸಿಗೆ ಹೋಗುತ್ತಿದ್ದ ಜಮೀನ್ದಾರರೊಬ್ಬರದು. ಹಳೆಯ ಕಾರುಗಳನ್ನು ಸಂಗ್ರಹಿಸುವ ಮೈಸೂರಿನ ಸಾಹುಕಾರರೊಬ್ಬರು ಅದನ್ನು ಕೊಂಡು, ಇಂಜಿನ್ನನ್ನು ಬೇರೆಲ್ಲಿಗೋ ಕಳಿಸಿ, ಮೈಯನ್ನು ಮಾತ್ರ ಅಪ್ಪನಿಗೆ ಒಪ್ಪಿಸಿದರು. ಒಂದೇ ಸೀಟು. ಬಾಗಿಲಿಲ್ಲ. ಮೂತಿ ಮೀನಿನಂತೆ ಚೂಪು.

“ಬಾಗ್ಲೇ ಇಲ್ವಲ್ಲಾ, ಇದರೊಳಕ್ಕೆ ಎಂಗಮ್ಮಿ ಓಗದು?” ಎಂದು ಬೀದಿಯ ಹುಡುಗರು ಕೇಳಿದರೆ, ನಾನು ಚಂಗನೆ ಹಾರಿ ಸೀಟಿನಲ್ಲಿ ಕೂತು, “ಇಂಗೆ ಕಣ್ರೋ” ಎನ್ನುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಹುರಿಗಡಲೆ ಮೆಲ್ಲುತ್ತ ನಾನು ಅದರಲ್ಲಿ ಕಾಕನಕೋಟೆಯ ಕಾಡನ್ನೆಲ್ಲ ಸುತ್ತಿ ಬಂದಿದ್ದೇನೆ.

ಮೂತಿಯ ಬಲಗಡೆ ಅಂಗೈಯಗಲದ ನೆಗ್ಗು. ಯಾವುದೋ ಓಟದಲ್ಲಿ ಬಿದ್ದ ಪೆಟ್ಟು. ಅದರ ಅಂಚಿಗೇ, ಕಾರು ತಯಾರಿಸಿದವರು ತಗಡಿನಲ್ಲಿ ಒತ್ತಿದ ಪುಟ್ಟ ಅಕ್ಷರಗಳು.

“ಮೂತಿ ಕತ್ತರಿಸಿ ಹೊಸದು ಮಾಡಿ, ಆಚಾರ್ರೇ. ಹಳೇದು ಗುಜರಿಗೆ ಹಾಕಿ” ಎಂದರು ಸಾಹುಕಾರರು.

ಅಪ್ಪ ತಗಡಿನ ಮೇಲೆ ಕೈಯಾಡಿಸಿದ. “ಮೊಕನೇ ಬದಲಾಯ್ಸುದ್ರೆ ಇದು ಅದೇ ಕಾರು ಅಂತ ಯಾರು ನಂಬ್ತಾರೆ ಸಾರ್? ಇದನ್ನೇ ಎತ್ತುತೀನಿ.”

“ತೂತು ಬಿದ್ದರೆ?”

“ಶೆಡ್ಡಿಗೆ ಬೀಗ ಹಾಕ್ತೀನಿ.”

ಕಾರಿನ ಮೈಯೆಲ್ಲ ಅಲ್ಯೂಮಿನಿಯಂ, ಮೋಸದ ಲೋಹ. ಬಡಿದಷ್ಟೂ ಬಿರುಸಾಗುತ್ತದೆ, ಕಾಯಿಸಿ ಮೆದುವಾಗಿಸಬೇಕು. ಆದರೆ ಕಬ್ಬಿಣದಂತೆ ಕೆಂಪಗಾಗಿ ಎಚ್ಚರಿಸುವುದಿಲ್ಲ, ಒಮ್ಮೆಲೇ ಕರಗಿ ಬಿದ್ದುಬಿಡುತ್ತದೆ. ಅದಕ್ಕೆ ಅಪ್ಪನ ಉಪಾಯ ಬಟ್ಟೆ ಸೋಪು. ತಗಡಿಗೆ ಸೋಪು ಉಜ್ಜಿ ಗ್ಯಾಸಿನ ಉರಿ ಹಿಡಿಯುವುದು. ಸೋಪು ಕಪ್ಪಾದ ಕ್ಷಣ ಉರಿ ತೆಗೆಯುವುದು. ಆಮೇಲೆ ಮರಳಿನ ಚೀಲದ ಮೇಲಿಟ್ಟು ಹುಣಸೆಮರದ ಕೊಡತಿಯಲ್ಲಿ ಮೆಲ್ಲಗೆ ಬಡಿಯುವುದು. ಹೀಗಾಗಿ ನಮ್ಮ ಬಚ್ಚಲಿನಿಂದ ಸೋಪಿನ ಬಾರುಗಳು ಒಂದೊಂದಾಗಿ ಮಾಯವಾದವು.

“ನಿನ್ ಲಂಗ ಒಗಿಯಕ್ಕೆ ಸೋಪಿಲ್ಲ, ನಿಮ್ಮಪ್ಪ ಕಾರಿಗೆ ಎಣ್ಣೆನೀರು ಮಾಡಿಸ್ತಾ ಕುಂತವ್ನೆ!” ಎಂದು ಅವ್ವ ರೇಗುತ್ತಿದ್ದಳು.

ಕೊನೆಗೆ ಉಳಿದದ್ದು ಆ ನೆಗ್ಗು. ಅಂದು ಅವ್ವ ತಾನೇ ಶೆಡ್ಡಿಗೆ ಬಂದು, ಸೆರಗಿನಲ್ಲಿ ಸುತ್ತಿದ್ದ ಸೋಪಿನ ತುಂಡನ್ನು ಚಾಚಿದಳು. “ತಗಾ, ಇದೊಂದೇ ಇರಾದು. ಕೈ ನಡುಗಿಸ್ಬ್ಯಾಡ.”

ಅಪ್ಪ ಸೋಪು ಉಜ್ಜಿದ. ಉರಿ ಹಚ್ಚಿದ. ಸೋಪು ಕಪ್ಪಾಯಿತು. ನೆಗ್ಗು ಮುಕ್ಕಾಲು ಭಾಗ ಮೇಲೆದ್ದಿತು. ಅಕ್ಷರಗಳ ಪಕ್ಕ ಹೆಬ್ಬೆರಳಿನಷ್ಟು ಉಳಿದಾಗ ಅವನು ಕೊಡತಿ ಕೆಳಗಿಟ್ಟು, ನನ್ನ ಬೆರಳನ್ನು ಒಳಗಡೆಯಿಂದ ಅಲ್ಲಿಗೆ ಒತ್ತಿಸಿದ. ತಗಡು ಈರುಳ್ಳಿಯ ಸಿಪ್ಪೆಯಂತೆ ತೆಳುವಾಗಿತ್ತು.

“ಇನ್ನೊಂದು ಏಟು ಹಾಕುದ್ರೆ ಅಕ್ಷರ ಹರಿದೋಯ್ತದೆ ಕಣವ್ವ. ಓಡ್ಸಿದೋನು ತಿಂದ ಪೆಟ್ಟು ಇದು. ಅಂಗೇ ಇರ್ಲಿ ಬುಡು.”

ಸಾಹುಕಾರರು ಬಂದು ನೋಡಿ, ಬೀದಿಯವರ ಎದುರಿಗೇ ಸಿಡುಕಿದರು. “ಇದೇನ್ರೀ ಅರ್ಧಂಬರ್ಧ ಕೆಲಸ! ಹಳ್ಳಿ ಟಿಂಕರ್ ಕೈಗೆ ಕೊಟ್ಟದ್ದು ನನ್ನ ತಪ್ಪು.”

ಅಪ್ಪ ಒರೆಸುವ ಬಟ್ಟೆಯಲ್ಲಿ ಮೂತಿಯನ್ನು ಇನ್ನೊಮ್ಮೆ ಒರೆಸಿದ, ಅಷ್ಟೇ. ಲಾರಿ ಹೊರಟಾಗ ನಾನು ಅತ್ತೆ. ಕಾರು ಹೋಯಿತೆಂದಲ್ಲ. ಅಪ್ಪನನ್ನು ಹಾಗೆ ಅಂದರಲ್ಲ ಎಂದು.

ಹೋದ ತಿಂಗಳು ಮೈಸೂರಿನಲ್ಲಿ ಹಳೆಯ ಕಾರುಗಳ ಪ್ರದರ್ಶನವೊಂದಕ್ಕೆ ಹೋಗಿದ್ದೆ. ಹಗ್ಗ ಕಟ್ಟಿದ ವೇದಿಕೆಯ ಮೇಲೆ, ಕಿಕ್ಕಿರಿದ ಜನರ ನಡುವೆ, ಅದೇ ಮೀನಿನ ಮೂತಿ. ಬೆಲೆ ಕೋಟಿಗಳಲ್ಲಿ ಎಂದು ಪಕ್ಕದವರು ಪಿಸುಗುಟ್ಟುತ್ತಿದ್ದರು. ಕಾರಣ ಫಲಕದಲ್ಲೇ ಇತ್ತು: ಮೂಲ ಮೂತಿ, ತಯಾರಕರ ಮೂಲ ಅಕ್ಷರಗಳು, ಓಟದ ದಿನದ ನೆಗ್ಗು, ಎಲ್ಲವನ್ನೂ ‘ತಜ್ಞರ ಸಲಹೆಯಂತೆ’ ಉಳಿಸಿಕೊಳ್ಳಲಾಗಿದೆ. ಯಾವ ತಜ್ಞರು? ಹೆಸರಿರಲಿಲ್ಲ.

ಮುದುಕರಾಗಿದ್ದ ಸಾಹುಕಾರರು ಅಲ್ಲೇ ಇದ್ದರು. ನಾನು ಯಾರ ಮಗಳೆಂದು ಹೇಳಿ, ಫಲಕದಲ್ಲಿ ಅಪ್ಪನ ಹೆಸರೇಕಿಲ್ಲ ಎಂದು ಕೇಳಿದೆ. ಅವರು ನಕ್ಕು ದನಿ ತಗ್ಗಿಸಿದರು. “ಹುಣಸೂರಿನ ಟಿಂಕರ್ ಅಂತ ಬರೆದರೆ ಬೆಲೆ ಇಳಿಯುತ್ತಮ್ಮ.”

“ಅವನು ನಿಮ್ಮ ಮಾತು ಕೇಳಿದ್ದಿದ್ದರೆ ಬೆಲೆಯೇ ಇರುತ್ತಿರಲಿಲ್ಲ” ಎಂದೆ. ಅವರು ಬೇರೆ ಅತಿಥಿಗಳತ್ತ ತಿರುಗಿದರು. ಅಪ್ಪನ ಹೆಸರು ಸೇರಿಸಿ ಎಂದು ನಾನು ಅಲ್ಲೇ ನಿಂತು ಸಂಘಟಕರಿಗೆ ಪತ್ರ ಬರೆದುಕೊಟ್ಟೆ. ಉತ್ತರ ಬಂದಿಲ್ಲ. ಬರುವವರೆಗೂ ಬರೆಯುತ್ತೇನೆ.

ಊರಿಗೆ ಮರಳಿ ಅಪ್ಪನಿಗೆ ಎಲ್ಲ ಹೇಳಿದೆ. ಈಗ ಶೆಡ್ಡಿನಲ್ಲಿ ಬಡಿಯುವ ಸದ್ದಿಲ್ಲ. ನೆಗ್ಗಿದ್ದನ್ನು ಯಾರೂ ಎತ್ತಿಸುವುದಿಲ್ಲ, ಕಿತ್ತೆಸೆದು ಹೊಸದು ತೊಡಿಸುತ್ತಾರೆ. ಕೊಡತಿ ಅವ್ವನ ಅಡುಗೆಮನೆಯಲ್ಲಿ ಒಣಕೊಬ್ಬರಿ ಒಡೆಯುತ್ತಿದೆ. ಉರಿಗೆ ಸಿಕ್ಕ ಸೋಪಿನ ಆ ವಾಸನೆ ಮತ್ತೆಲ್ಲೂ ನನಗೆ ಸಿಕ್ಕಿಲ್ಲ.

ಅಪ್ಪ ಕೇಳಿದ್ದು ಒಂದೇ ಮಾತು. “ಎಸ್ರು ಅತ್ಲಾಗಿರ್ಲಿ. ಆ ನೆಗ್ಗು ಅಂಗೇ ಮಡಗವ್ರಾ?”

“ಮಡಗವ್ರೆ ಅಪ್ಪ.”

“ಅಂಗಾರೆ ಸರಿ” ಎಂದು ಅವನು ಹಗುರಾಗಿ ಎದ್ದು ಹೋದ.

ಅವನಿಗೆ ಅಷ್ಟು ಸಾಕು. ನನಗೆ ಸಾಲದು. ಆ ಫಲಕ ಬರೆಯದ ಸಾಲನ್ನು ನಾನಿಲ್ಲಿ ಬರೆಯುತ್ತಿದ್ದೇನೆ: ಈ ಮೂತಿಯನ್ನು ಗುಜರಿಯಿಂದ ಉಳಿಸಿದವನು ಸಿದ್ದಾಚಾರಿ, ಟಿಂಕರ್, ಪಿರಿಯಾಪಟ್ಟಣ ರಸ್ತೆ, ಹುಣಸೂರು.