ಕಾಕಾನ ಪತ್ರದ ಖಾಲಿ ಮಣೆ

ಮಾದಾಪುರದ ಆಫೀಸಿಗೆ ಹೊರಡುವ ಮುಂಚೆ ನನ್ನ ಮಗಳು ಉಗುರುಬಣ್ಣದ ಶೀಶೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಒಳಗಿನ ಸಣ್ಣ ಗುಂಡು ಗಾಜಿಗೆ ಬಡಿದು ಟಿಕ್ ಟಿಕ್ ಅನ್ನುತ್ತದೆ. ಕ್ಯಾಬ್ ಬರುವ ಹೊತ್ತು, ಅವಳಿಗೆ ಅವಸರ. ನಾನು ಮಾತ್ರ ಟಿಫಿನ್ ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತುಬಿಡುತ್ತೇನೆ. "ಮಮ್ಮಿ, ಮತ್ತ ಎಲ್ಲಿ ಹೋದಿ?" ಅನ್ನುತ್ತಾಳೆ. ಎಲ್ಲಿಗೆ ಹೋಗಲಿ, ಇದೇ ಹೈದರಾಬಾದಿನ ಮಲ್ಕಾಜ್‌ಗಿರಿಗೆ. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿದ್ದ, ಈಗ ಇಲ್ಲದ ಒಂದು ಮನೆಗೆ. ಐತವಾರ ಮಧ್ಯಾಹ್ನ ಊಟದ ಮಣೆಗಳನ್ನು ಗೋಡೆಗೆ ಆನಿಸಿದ ಮೇಲೆ, ನೆಲ ಒರೆಸಿದ ತೇವ ಇನ್ನೂ ಆರುವ ಮುಂಚೆಯೇ, ಕಾಕಾ ತನ್ನ ಪೆನ್ನನ್ನು ಹೀಗೆಯೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ ಪಡಸಾಲೆಗೆ.

ಶಿವಾನಂದ ಕಾಕಾ ನಮ್ಮಪ್ಪನ ತಮ್ಮ. ಅಪ್ಪ ರೈಲ್ವೆಯಲ್ಲಿ ಗುಮಾಸ್ತ, ಕಾಕಾ ಕುಷಾಯಿಗೂಡದ ಕಡೆಯ ಕಾರ್ಖಾನೆಯೊಂದರಲ್ಲಿ ನಕ್ಷೆ ಬಿಡಿಸುವ ಕೆಲಸದಲ್ಲಿದ್ದ. ಮೂಲ ನಮ್ಮದು ವಿಜಾಪುರದ ಕಡೆ. ಹೊರಗೆ ಎಷ್ಟೇ ತೆಲುಗು ಹಿಂದಿ ಆಡಿದರೂ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ನಾಲಿಗೆ ತಾನಾಗಿ ಊರಿಗೆ ಹೊರಳುತ್ತಿತ್ತು. ಆ ಮನೆಯಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಅಪ್ಪ, ಅವ್ವ, ಕಾಕಾ, ನಾನು, ನನ್ನ ತಮ್ಮ ವಿಟ್ಟೂ ಇದ್ದೆವು. ಇಲ್ಲದವಳು ಒಬ್ಬಳೇ, ಶಾಂತಾ ಕಾಕೂ. ಮದುವೆಯಾಗಿಯೂ ಅವಳು ವಿಜಾಪುರದಲ್ಲೇ ಉಳಿದಿದ್ದಳು. ತಾಯಿಯಿಲ್ಲದ ತಮ್ಮ ತಂಗಿಯರ ಓದು ಅವಳ ಶಾಲೆಯ ಸಂಬಳದ ಮೇಲೆಯೇ ನಡೆಯಬೇಕಿತ್ತು. ಸೂಟಿ ಸಿಕ್ಕಾಗಲೆಲ್ಲ ಕಾಕಾನೇ ಅಲ್ಲಿಗೆ ಹೋಗುತ್ತಿದ್ದ, ಆ ಮಕ್ಕಳನ್ನು ಬಿಟ್ಟು ಅವಳು ಇಲ್ಲಿಗೆ ಬರುವಂತಿರಲಿಲ್ಲ. ಹೀಗೆ ವರ್ಷಗಳು ಹೋದವು. ಹೈದರಾಬಾದನ್ನೇ ನೋಡದ ಕಾಕೂಗೆ ನಮ್ಮ ಮನೆ ತಲುಪುತ್ತಿದ್ದದ್ದು ವಾರಕ್ಕೊಮ್ಮೆ, ಕಾಕಾನ ಪತ್ರದಲ್ಲಿ ಮಡಚಿಕೊಂಡು.

ಇನ್‌ಲ್ಯಾಂಡ್ ಕಾಗದದಲ್ಲಿ ಶಾಯಿ ಹರಡುತ್ತದೆ ಅಂತ ಕಾಕಾ ಅದನ್ನು ಮುಟ್ಟುತ್ತಿರಲಿಲ್ಲ. ಕೆಲಸದಲ್ಲಿ ಕತ್ತರಿಸಿ ಎಸೆದ ಟ್ರೇಸಿಂಗ್ ಪೇಪರಿನ ಅಂಚುಗಳನ್ನು ಸುರುಳಿ ಸುತ್ತಿ ತರುತ್ತಿದ್ದ. ಹಾಲಿನ ಕೆನೆಯ ಬಣ್ಣದ, ಮುಟ್ಟಿದರೆ ಕರಕರ ಅನ್ನುವ ಕಾಗದ ಅದು. ಪೆನ್ನಿನ ಮೂತಿ ಸೂಜಿಯ ಹಾಗೆ. ಒಳಗೊಂದು ಕೂದಲಿನಂಥ ತಂತಿ, ಅದಕ್ಕೊಂದು ಚೂರು ಭಾರ. ಅಲ್ಲಾಡಿಸಿದಾಗ ಆ ಭಾರ ಟಿಕ್ ಟಿಕ್ ಅಂದರೆ ಶಾಯಿಯ ದಾರಿ ತೆರೆದಿದೆ ಅಂತ ಲೆಕ್ಕ. ಆ ಸಪ್ಪಳ ಕೇಳಿದ್ದೇ ತಡ, ಓಣಿಯಲ್ಲಿ ಎಲ್ಲಿದ್ದರೂ ನಾನೂ ವಿಟ್ಟೂನೂ ಓಡಿ ಬಂದು ಕಾಕಾನ ಎಡಕ್ಕೊಬ್ಬರು ಬಲಕ್ಕೊಬ್ಬರು ಬೋರಲು ಮಲಗುತ್ತಿದ್ದೆವು. ಕಪ್ಪು ಶಾಯಿಗೆ ಕರ್ಪೂರದ ಹಾಗೆ ಒಂದು ವಾಸನೆ. "ನನ್ನ ಮೊದ್ಲ ತಗಿ ಕಾಕಾ" ಅಂತ ನಾನು, "ಹೋದ ವಾರಾನೂ ಈಕೀನ ಮೊದ್ಲ" ಅಂತ ವಿಟ್ಟೂ. ಪತ್ರದಲ್ಲಿ ನಮ್ಮ ಚಿತ್ರ ಬರದಿದ್ದರೆ ಆ ವಾರ ನಾವು ಇರಲೇ ಇಲ್ಲವೇನೋ ಅನ್ನುವಷ್ಟು ಸಂಕಟವಾಗುತ್ತಿತ್ತು. ಒಮ್ಮೆ ನನಗೆ ಒಂದೇ ಜಡೆ ಹಾಕಿಬಿಟ್ಟ. ನಾನು ಅತ್ತು ಕರೆದು ರಂಪ ಮಾಡಿದೆ. ಕಾಕಾ ಬ್ಲೇಡು ತೆಗೆದುಕೊಂಡು ಆ ಗೆರೆಯನ್ನು ಮೆಲ್ಲಗೆ ಹೆರೆದ. ಒಣಗಿದ ಶಾಯಿ ಪುಡಿಯಾಗಿ ಎದ್ದಿತು, ಉಫ್ ಅಂತ ಊದಿ ಅಲ್ಲೇ ಎರಡು ಜಡೆ ತೆಗೆದ. ಆ ಕಾಗದದಲ್ಲಿ ತಪ್ಪನ್ನು ಹಾಗೆ ಹೆರೆದೇ ತೆಗೆಯಬೇಕು. ಹೆರೆದ ಜಾಗ ಆಮೇಲೆ ಬೆರಳಿಗೆ ಸ್ವಲ್ಪ ಒರಟಾಗಿ ತಾಕುತ್ತದೆ.

ಎಂಥೆಂಥ ಚಿತ್ರಗಳು ಇರುತ್ತಿದ್ದವು ಅದರಲ್ಲಿ! ಅಪ್ಪ ಪೇಪರು ಮುಖಕ್ಕೆ ಹಿಡಿದು ನಿದ್ದೆ ಹೋದದ್ದು, ಅವ್ವನ ರೊಟ್ಟಿಯ ಬುಟ್ಟಿಯ ಮೇಲೆ ಕೂತು ಧ್ಯಾನ ಮಾಡುವ ಬೆಕ್ಕು. ಒಂದು ವಾರವಂತೂ ಇಡೀ ಮನೆಯನ್ನೇ ಕಾರ್ಖಾನೆಯ ನಕ್ಷೆಯ ಹಾಗೆ ಮೇಲಿಂದ ನೋಡಿ ಬಿಡಿಸಿದ್ದ. ದೇವರ ಜಗಲಿ ಎಲ್ಲಿ, ನೀರಿನ ಹಂಡೆ ಎಲ್ಲಿ, ಸಕ್ಕರೆ ಡಬ್ಬಿ ಗೋಡೆಯ ಯಾವ ಮಾಡದಲ್ಲಿ, ಎಲ್ಲಕ್ಕೂ ಬಾಣದ ಗುರುತು. ನಡುವೆ ಚುಕ್ಕಿಚುಕ್ಕಿಯ ಒಂದು ಗೆರೆ ಜಗಲಿಯಿಂದ ಒಲೆಗೆ, ಒಲೆಯಿಂದ ತಲಬಾಗಿಲಿಗೆ, ಮತ್ತೆ ಒಲೆಗೆ, ಮತ್ತೆ ತಲಬಾಗಿಲಿಗೆ. ಅದು ಆಯಿ ಓಡಾಡಿದ ದಾರಿ, ಸೊಸೆಯ ಪತ್ರ ಬಂತೇನು ಅಂತ ನೋಡಲಿಕ್ಕೆ. ಪೋಸ್ಟಿನವನು ತೆಲುಗಿನಲ್ಲಿ "ಈ ರೋಜು ಲೇದಮ್ಮಾ" ಅಂದರೆ, ಇವತ್ತಿಲ್ಲ ಅಂದ ಆ ಬಡಪಾಯಿಯನ್ನೇ ಆಯಿ ಕನ್ನಡದಲ್ಲಿ ಬೈಯುತ್ತಿದ್ದಳು. ಕಾಕೂನ ಉತ್ತರ ಬರುತ್ತಿದ್ದದ್ದು ನೀಲಿ ಇನ್‌ಲ್ಯಾಂಡಿನಲ್ಲಿ, ಶಾಲೆಯ ಟೀಚರಿನ ಗುಂಡಗಿನ ಅಕ್ಷರದಲ್ಲಿ. ಚಿತ್ರ ಒಂದೂ ಇರುತ್ತಿರಲಿಲ್ಲ. ನನಗೆ ಗೆರೆ ಎಳೆಯಲು ಬಾರದು ಅಂತ ಮೊದಲೇ ಬರೆದು ಕೈ ತೊಳೆದುಕೊಂಡಿದ್ದಳು. ಆದರೆ ಒಂದೊಂದು ಚಿತ್ರಕ್ಕೂ ಅವಳ ಒಂದು ಮಾತು ಇದ್ದೇ ಇರುತ್ತಿತ್ತು. ವಿಟ್ಟೂನ ಮೂಗು ಒರೆಸಿ ಆಮೇಲೆ ಚಿತ್ರ ತೆಗೆಯಿರಿ ಅಂತ ಬರೆದದ್ದನ್ನು ಅಪ್ಪ ಎಲ್ಲರ ಮುಂದೆ ಓದಿದಾಗ ವಿಟ್ಟೂ ಎರಡು ದಿನ ಮಾತು ಬಿಟ್ಟಿದ್ದ.

ಪ್ರತಿ ಪತ್ರದ ಕೊನೆಗೂ ಒಂದೇ ಚಿತ್ರ. ನಾವೆಲ್ಲ ಸಾಲಾಗಿ ಮಣೆಯ ಮೇಲೆ ಊಟಕ್ಕೆ ಕೂತಿದ್ದು, ಅವ್ವ ಸೌಟು ಹಿಡಿದು ನಿಂತದ್ದು. ಕಾಕಾನ ಪಕ್ಕದಲ್ಲಿ, ಅಡುಗೆಮನೆಯ ಬಾಗಿಲ ಕಡೆ, ಒಂದು ಖಾಲಿ ಮಣೆ, ಅದರ ಮುಂದೆ ಖಾಲಿ ತಾಟು. ನನಗೋ ಆ ಖಾಲಿ ಜಾಗ ಕಂಡರೆ ಆಗದು. "ಅಲ್ಲಿ ಬೆಕ್ಕರ ಕುಂದರಸು ಕಾಕಾ" ಅಂತ ದುಂಬಾಲು ಬೀಳುತ್ತಿದ್ದೆ. "ಅದು ನಿಮ್ಮ ಕಾಕೂನ ಜಾಗಾ. ಅಲ್ಲಿ ಯಾರೂ ಕುಂದರಂಗಿಲ್ಲ" ಅನ್ನುತ್ತಿದ್ದ. ಚಿತ್ರ ಮುಗಿದ ಮೇಲೆ ನಮ್ಮನ್ನು ಎಬ್ಬಿಸಿ ಓಡಿಸುತ್ತಿದ್ದ. "ಚಿತ್ರಾ ಎಲ್ಲಾರ್ದು, ಅಕ್ಷರಾ ಆಕೀದು. ನಡೀರಿ ಹೊರಗ." ಆಮೇಲೆ ಬಾಗಿಲು ಮುಂದೆ ಮಾಡಿಕೊಂಡು ಏನು ಬರೆಯುತ್ತಿದ್ದನೋ, ಚಹಾದ ಹೊತ್ತಿನವರೆಗೂ ಬರೆಯುತ್ತಿದ್ದ.

ಕೊನೆಗೂ ವಿಜಾಪುರದ ಆ ತಮ್ಮನಿಗೆ ನೌಕರಿಯಾಗಿ, ತಂಗಿಯ ಮದುವೆಯಾಗಿ ಕಾಕೂ ಬಂದಳು. ಸ್ಟೇಷನ್ನಿನಿಂದ ನಡೆದೇ ಬಂದಳು. ಹೊಸ್ತಿಲು ದಾಟಿ, ಯಾರನ್ನೂ ಕೇಳದೆ ಎಡಕ್ಕೆ ತಿರುಗಿ ದೇವರಿಗೆ ಕೈ ಮುಗಿದಳು. "ಎರಡ ಜಡಿ, ನೀನೇ ಪಮ್ಮಿ" ಅಂತ ನನ್ನ ಗಲ್ಲ ಹಿಂಡಿದಳು. ಕಾಲು ತೊಳೆಯಲು ನೇರವಾಗಿ ಹಂಡೆಯ ಕಡೆ ನಡೆದಳು, ಹುಟ್ಟಿದಾಗಿನಿಂದ ಅಲ್ಲೇ ಇದ್ದವಳ ಹಾಗೆ. ನಡೆದವಳು ಬಚ್ಚಲ ಮೆಟ್ಟಿಲಿಗೆ ಎಡವಿ ಗೋಡೆ ಹಿಡಿದುಕೊಂಡಳು. "ಅಯ್ಯ, ಈ ಮೆಟ್ಲಾ ನಿಮ್ಮ ಪ್ಲ್ಯಾನಿನ್ಯಾಗ ಇರಲೇ ಇಲ್ಲಲ್ರೀ!" ಅಂದಳು. ಕಾಕಾನ ಮುಖ ನೋಡಬೇಕಿತ್ತು ನೀವು. ಆಯಿ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು.

ಆವತ್ತು ಊಟಕ್ಕೆ ಆ ಮಣೆ ನಿಜವಾಗಿಯೂ ಬಿತ್ತು, ಕಾಕಾನ ಪಕ್ಕದಲ್ಲಿ. "ಕುಂದರವಾ" ಅಂದ ಅಪ್ಪ. ಕಾಕೂ "ಆಮ್ಯಾಲ ಕುಂದರ್ತೀನ್ರಿ" ಅಂತ ಅವ್ವನ ಕೈಯಿಂದ ಸೌಟು ಇಸಿದುಕೊಂಡಳು. ಆಮೇಲೆ ಅಂದದ್ದು ಆಮೇಲೆಯೇ ಉಳಿಯಿತು. ನಮ್ಮಲ್ಲಿ ಸೊಸೆಯಂದಿರು ಬಡಿಸಿ, ಎಲ್ಲರದ್ದೂ ಮುಗಿದ ಮೇಲೆ ಅಡುಗೆಮನೆಯಲ್ಲೇ ಉಣ್ಣುವವರು. ನಾಲ್ಕು ದಿನಕ್ಕೆ ಮಣೆಯನ್ನು ಯಾರೋ ಅಟ್ಟಕ್ಕೆ ಹಾಕಿದರು. ಪತ್ರದಲ್ಲಿ ಅಷ್ಟು ವರ್ಷ ಕಾದ ಜಾಗ ಮನೆಯಲ್ಲಿ ತುಂಬಲೇ ಇಲ್ಲ ಅಂತ ಆಗ ನಮಗೆ ಯಾರಿಗೂ ಹೊಳೆಯಲಿಲ್ಲ.

ಪತ್ರವೂ ನಿಂತಿತು. ಬರೆಯುವುದು ಯಾರಿಗೆ? ಐತವಾರ ಮಧ್ಯಾಹ್ನ ಕಾಕಾ ಎಲ್ಲರ ಹಾಗೆ ಮಲಗತೊಡಗಿದ. ಕಾಕೂ ಬಂದದ್ದು ನನಗೆಷ್ಟು ಸಂತೋಷವೋ, ಪೆನ್ನಿನ ಸಪ್ಪಳ ನಿಂತದ್ದು ಅಷ್ಟೇ ದುಃಖ. ಕಾಕೂಗೂ ಹಾಗೇ ಆಗಿತ್ತು. ತಗಡಿನ ಪೆಟ್ಟಿಗೆಯಲ್ಲಿ ಹಳೆಯ ಪತ್ರಗಳಿಗೆ ಬೇವಿನೆಲೆ ಹಾಕುವಾಗೆಲ್ಲ "ಒಂದರ ಬರೀರಲ್ಲ" ಅನ್ನುತ್ತಿದ್ದಳು. "ಒಂದ ಮನ್ಯಾಗ ಇದ್ದವ್ರಿಗೆ ಎಂಥಾ ಪತ್ರ? ಏನ್ ಹೇಳೂದೈತಿ ಬಾಯಿಲೇ ಹೇಳ್ತೀನಲ್ಲ" ಅನ್ನುತ್ತಿದ್ದ ಕಾಕಾ. "ಬಾಯಿಲೇ ಏನ್ ಹೇಳ್ತೀರಿ? ಉಪ್ಪ ಕಡಿಮಿ ಅಂತೀರಿ" ಅಂತ ಪೆಟ್ಟಿಗೆ ಮುಚ್ಚುತ್ತಿದ್ದಳು. ನಗುತ್ತಲೇ ಅನ್ನುತ್ತಿದ್ದಳು, ಆದರೆ ಪತ್ರ ಅವಳಿಗೆ ನಿಜವಾಗಿಯೂ ಬೇಕಾಗಿತ್ತು. ವರ್ಷಗಟ್ಟಲೆ ಕೇಳಿದಳು.

ಮುಂದಿನದು ಎಲ್ಲರ ಮನೆಯ ಕಥೆಯೇ, ನಿಮಗೂ ಗೊತ್ತಿರುವಂಥದ್ದು. ಆಯಿ ಹೋದಳು. ಕಾರ್ಖಾನೆಗೆ ಕಂಪ್ಯೂಟರು ಬಂದು ನಕ್ಷೆಯ ಹಲಗೆಗಳೆಲ್ಲ ಮೂಲೆ ಸೇರಿದವು. ಮನೆಗೆ ಫೋನು ಬಂತು. ನನ್ನ ಮದುವೆಯಾಯಿತು, ವಿಟ್ಟೂ ಪುಣೆಗೆ ಹೋದ. ಅಪ್ಪ, ಅವ್ವ ಒಬ್ಬರ ಹಿಂದೊಬ್ಬರು ತೀರಿಕೊಂಡ ಮೇಲೆ ಬಾಡಿಗೆಯ ಆ ಮನೆಯನ್ನು ಮಾಲೀಕರು ಬಿಲ್ಡರಿಗೆ ಕೊಟ್ಟರು. ಈಗ ಅಲ್ಲಿ ಐದಂತಸ್ತಿನ ಅಪಾರ್ಟ್‌ಮೆಂಟು, ಬಚ್ಚಲ ಮೆಟ್ಟಿಲಿದ್ದ ಜಾಗದಲ್ಲಿ ಯಾರದೋ ಕಾರು ನಿಲ್ಲುತ್ತದೆ. ಮಕ್ಕಳಿಲ್ಲದ ಕಾಕಾ ಕಾಕೂ ಕುಷಾಯಿಗೂಡದಲ್ಲಿ ಎರಡು ಕೋಣೆಯ ಫ್ಲ್ಯಾಟು ಹಿಡಿದರು. ಪ್ರತಿ ಐತವಾರ ನಾನು ಹೋಗಿ ಬರುತ್ತಿದ್ದೆ.

ಆಮೇಲೆ ಕಾಕಾನ ಗಂಟಲಿಗೆ ಹುಣ್ಣಾಯಿತು. ಆಪರೇಷನ್ ಮಾಡಿ ಜೀವ ಉಳಿಸಿದರು, ದನಿ ಹೋಯಿತು, ಉಸಿರೂ ಕೊರಳಿಗೆ ಇಟ್ಟ ತೂತಿನಿಂದಲೇ. ವಿಟ್ಟೂ ಪುಣೆಯಿಂದ ಬಂದು ಮೊಬೈಲಿನಲ್ಲಿ ಏನೋ ಹಾಕಿಕೊಟ್ಟ. ಬೆರಳಿನಿಂದ ಒತ್ತಿದ್ದನ್ನು ಅದು ಗಂಡಸಿನ ದನಿಯಲ್ಲಿ ಕನ್ನಡದಲ್ಲೇ ಓದುತ್ತಿತ್ತು. "ನೀರು ಬೇಕು" ಅಂತ ಅದು ಅಂದಾಗ ಕಾಕೂ ಬೆಚ್ಚಿಬಿದ್ದಳು. "ಇಂವ ಯಾಂವ ನಮ್ಮನ್ಯಾಗ ಮಾತಾಡಾಕತ್ತಾನ? ಬಂದ್ ಮಾಡೋ ಅದನ್ನ" ಅಂದಳು. ಕಾಕಾ ಭುಜ ಕುಣಿಸಿ ನಕ್ಕ. ಮುಂದಿನ ಐತವಾರ ನಾನು ಹೋದಾಗ ಬಾಗಿಲಲ್ಲೇ ಕಾಲು ನಿಂತಿತು. ಒಳಗೆ ಟಿಕ್ ಟಿಕ್. ಕಾಕಾ ಹಳೆಯ ಪೆನ್ನನ್ನು ಬಿಸಿನೀರಿನಲ್ಲಿ ನೆನೆಸಿ, ಒಣಗಿದ ಶಾಯಿಯನ್ನೆಲ್ಲ ಬಿಡಿಸಿ, ಕಿವಿಯ ಹತ್ತಿರ ಹಿಡಿದಿದ್ದ. ಟ್ರೇಸಿಂಗ್ ಪೇಪರಿನ ಉಳಿದ ಸುರುಳಿಯೊಂದು ಹಾಸಿಗೆಯ ಮೇಲಿತ್ತು. ಮೊದಲ ಚೀಟಿಯಲ್ಲಿ ಒಂದು ಚಹಾದ ಕಪ್ಪು. ಅಂಚಿನಲ್ಲಿ ನಿಂತ ಇರುವೆ ಒಳಗೆ ಇಣುಕಿ, ಬೇಡವಪ್ಪಾ ಅಂತ ಮುಖ ತಿರುಗಿಸಿತ್ತು. ಕೆಳಗೆ 'ಶಾಂತಾ, ಸಕ್ಕರೆ ಜಾಸ್ತಿ' ಅಂತ ಅದೇ ಹಳೆಯ ಅಕ್ಷರ. ಕಾಕೂ ಅದನ್ನು ಹಿಡಿದುಕೊಂಡು ಅಡುಗೆಮನೆಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿದ್ದವು, ಚಹಾಕ್ಕೆ ಸಕ್ಕರೆಯೇ ಇರಲಿಲ್ಲ.

ಅಲ್ಲಿಂದ ಆ ಎರಡು ಕೋಣೆಯಲ್ಲಿ ಪತ್ರವ್ಯವಹಾರ ಶುರುವಾಯಿತು. ಕಾಕಾ ಬರೆಯುವುದು ಸರಿ. ಕಾಕೂನೂ ಬಾಯಿ ಬಿಡುವುದನ್ನು ನಿಲ್ಲಿಸಿ ಹಾಳೆಯಲ್ಲಿ ಬರೆದು ಮಡಚಿ ಕಾಕಾನ ದಿಂಬಿನ ಪಕ್ಕ ಇಡತೊಡಗಿದಳು. "ಕಾಕೂ, ಕಾಕಾಗ ಕಿವಿ ಛಲೋ ಕೇಳಸ್ತಾವಲ್ಲ?" ಅಂದೆ. "ಕೇಳಸ್ತಾವ, ನನಗ ಗೊತ್ತಿಲ್ಲೇನು? ಪತ್ರಕ್ಕ ಪತ್ರಾನ ಉತ್ತರ ಕೊಡಬೇಕವಾ" ಅಂದಳು. ನಾನು ಹೋದ ಹೊತ್ತಿಗೆ ಮನೆ ನಿಶ್ಶಬ್ದವಾಗಿರುತ್ತಿತ್ತು. ಕಾಕಾ ಮಂಚದ ಮೇಲೆ, ಕಾಕೂ ಅಡುಗೆಮನೆಯ ಕಟ್ಟೆಗೆ ಬಗ್ಗಿ, ಇಬ್ಬರೂ ಬರೆಯುತ್ತಿದ್ದರು. ನಡುವೆ ನಾನೇ ಪೋಸ್ಟಿನವಳು. ಬಿಡಿಸಿ ನೋಡಹೋದರೆ ಕಾಕಾ ಬೆರಳು ಅಲ್ಲಾಡಿಸುತ್ತಿದ್ದ. ಚಿತ್ರ ನೋಡಬಹುದು, ಅಕ್ಷರ ಓದುವ ಹಾಗಿಲ್ಲ. ದನಿ ಹೋದ ಮನೆಯಲ್ಲಿ ಅಷ್ಟು ಸುಖ ಕಂಡದ್ದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ.

ಹುಣ್ಣು ಮರಳಿ ಬಂತು. ಕೈ ನಡುಗತೊಡಗಿದ ಮೇಲೆ ಚಿತ್ರಗಳು ಸಣ್ಣವಾದವು. ಒಂದು ಮಧ್ಯಾಹ್ನ, ನಾನು ಎದುರಿಗೇ ಇದ್ದೆ, ಕಾಕಾ ಬಹಳ ಹೊತ್ತು ತೆಗೆದುಕೊಂಡು ಆ ಹಳೆಯ ಊಟದ ಸಾಲನ್ನು ಬಿಡಿಸಿದ. ಆಯಿ, ಅಪ್ಪ, ಸೌಟು ಹಿಡಿದ ಅವ್ವ, ಎರಡು ಜಡೆಯ ನಾನು, ವಿಟ್ಟೂ, ತಾನು. ಪಕ್ಕದಲ್ಲಿ ಖಾಲಿ ಮಣೆ, ಖಾಲಿ ತಾಟು. ಬರಹ ಏನೂ ಇಲ್ಲ. ಕಾಕೂ ಅದನ್ನು ನೋಡುತ್ತಾ ಕೂತಳು. ಆಮೇಲೆ ಕಾಕಾನ ಕೈಯಿಂದ ಪೆನ್ನು ತೆಗೆದುಕೊಂಡಳು. ಜನ್ಮದಲ್ಲಿ ಒಂದು ಗೆರೆ ಎಳೆಯದವಳು ನಾಲಿಗೆ ಕಚ್ಚಿಕೊಂಡು ಆ ಮಣೆಯ ಮೇಲೆ ತನ್ನನ್ನು ತೆಗೆದಳು. ಕುಂಬಳಕಾಯಿಗೆ ಸೀರೆ ಉಡಿಸಿದ ಹಾಗಿತ್ತು. ಹಣೆಯ ಮೇಲೆ ಕುಂಕುಮ ಮಾತ್ರ ದೊಡ್ಡದು.

ಕಾಕಾ ನಗಲಿಲ್ಲ. ದಿಂಬಿನ ಕೆಳಗಿಂದ ಬ್ಲೇಡು ತೆಗೆದ. ಅವಳ ಗೆರೆ ತಿದ್ದುತ್ತಾನೆ ಅಂದುಕೊಂಡೆ. ಇಲ್ಲ, ಸಾಲಿನಲ್ಲಿ ಕೂತಿದ್ದ ತನ್ನನ್ನೇ ಮೆಲ್ಲಗೆ ಹೆರೆಯತೊಡಗಿದ. ಕಾಗದ ಹರಿದೀತು ಅಂತ ನಾನು ಅದರ ಅಂಚನ್ನು ಒತ್ತಿ ಹಿಡಿದೆ. ಪುಡಿಯನ್ನು ಊದಲಿಕ್ಕೆ ಅವನಿಗೆ ಆಗದು, ಕಾಕೂನೇ ಬಗ್ಗಿ ಊದಿದಳು. ಆಮೇಲೆ ಕಾಕಾ ಆ ಕುಂಬಳಕಾಯಿಯ ಮುಂದೆ ಒಬ್ಬ ಗಂಡಸನ್ನು ತೆಗೆದ. ನಿಂತು, ಸೊಂಟ ಬಗ್ಗಿಸಿ, ಕೈಯಲ್ಲಿ ಸೌಟು ಹಿಡಿದು ಅವಳ ತಾಟಿಗೆ ಬಡಿಸುತ್ತಿದ್ದಾನೆ. ಇದೇ ಅವನ ಕೊನೆಯ ಪತ್ರ. ಹದಿನೈದು ದಿನಕ್ಕೆ ಕಾಕಾ ಹೋದ.

ಈಗಲೂ ಐತವಾರ ಕುಷಾಯಿಗೂಡಕ್ಕೆ ಹೋಗುತ್ತೇನೆ. ಕಾಕೂ ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾಳೆ. ಕಾಕಾ ಕೂತಿದ್ದ ಜಾಗ ಹೆರೆದು ತೆಳುವಾಗಿದೆ, ಉಳಿದ ಕಾಗದಕ್ಕಿಂತ ಅಲ್ಲಿ ಬೆಳಕು ಸ್ವಲ್ಪ ಹೆಚ್ಚು ಬರುತ್ತದೆ. ಅದರ ಮೇಲೆ ಬೆರಳಾಡಿಸಿ ಮಡಚಿ ಇಡುತ್ತಾಳೆ. ನಾನಂತೂ ಪತ್ರ ಬರೆದು ಎಷ್ಟು ಕಾಲವಾಯಿತೋ, ನನ್ನ ಮಗಳಿಗೆ ನನ್ನ ಕೈಬರಹ ಹೇಗಿದೆಯೆಂದೇ ಗೊತ್ತಿರಲಿಕ್ಕಿಲ್ಲ. ಊಟಕ್ಕೆ ಕಾಕೂನನ್ನು ಮೊದಲು ಕೂಡಿಸಿ ನಾನು ಬಡಿಸುತ್ತೇನೆ, ಈಗ ಬೇಡವೆನ್ನುವುದಿಲ್ಲ. ಊಟವಾದ ಮೇಲೆ ಅವಳು ಪೆನ್ನನ್ನು ಬಿಸಿನೀರಿನಲ್ಲಿ ತೊಳೆದು, ಎರಡು ಹನಿ ಶಾಯಿ ತುಂಬಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ.

"ಬರಿಯವ್ರ ಯಾರ ಅದಾರ ಕಾಕೂ, ಯಾಕ ತುಂಬತಿ ಅದನ್ನ?" ಅಂದೆ ಹೋದ ವಾರ.

"ಯಾರೂ ಬರೀದಿದ್ರ ಬಿಡವಾ" ಅಂದಳು. "ಈ ಸಪ್ಪಳಾ ಆಗ್ಲಿಲ್ಲಂದ್ರ ನನಗ ಐತವಾರ ಅನಸಂಗಿಲ್ಲ."