ಗಾಡಿ ನಂಬರ್

ಊರ ಹೊರಗಿನ ನಮ್ಮ ವಿಶ್ವವಿದ್ಯಾಲಯಕ್ಕೆ ಗಣಿತದ ಮಾಸ್ತರರು ಗರಗದಿಂದ ಎರಡು ಬಸ್ ಬದಲಿಸಿ ಬರುತ್ತಿದ್ದರು. ಗೇಟಿನಲ್ಲಿ ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡು ರಜಿಸ್ಟರಿನ ಮೇಲೆ ಬಗ್ಗುತ್ತಿದ್ದರು. ಅದರಲ್ಲಿದ್ದದ್ದು ಮೂರೇ ಕಾಲಂ: ಹೆಸರು, ಸಹಿ, ಗಾಡಿ ನಂಬರ್. ಬಸ್ಸಿನಲ್ಲಿ ಬಂದವರು ಮನುಷ್ಯರೇ ಅಲ್ಲವೇನೋ! ಖಾಲಿ ಬಿಟ್ಟರೆ ಕಾವಲಿನವ ತಡೆಯುತ್ತಿದ್ದ. ಹಾಗಾಗಿ ಮಾಸ್ತರರು ಇಳಿದ ಬಸ್ಸಿನ ನಂಬರನ್ನೇ ಬರೆಯುತ್ತಿದ್ದರು.

‘ನಂದೂ ಗಾಡಿ ಐತ್ರಿ. ಮಂದೀನ ಬಿಟ್ಟು ಬರಾಕ ಹೋಗೇತಿ’ ಎನ್ನುತ್ತಿದ್ದರು ದಿನಾ.

ಹಿಂದೆ ನಿಂತ ನಾವು ವಿದ್ಯಾರ್ಥಿಗಳು ನಕ್ಕು, ನಾವೂ ಹಾಗೇ ಬರೆಯತೊಡಗಿದೆವು.

ಒಂದು ದಿನ ಗೇಟಿಗೆ ಬರುವ ಬಸ್ಸೇ ನಿಂತುಹೋಯಿತು. ಮಾಸ್ತರರ ಜೊತೆ ಕಚೇರಿಗೆ ನುಗ್ಗಿದೆವು. ಅಧಿಕಾರಿ ಅದೇ ರಜಿಸ್ಟರ್ ತೆರೆದ.

‘ಎಲ್ಲಾರೂ ಗಾಡಿ ಮ್ಯಾಲ ಬರ್ತೀರಿ. ಬಸ್ ಬ್ಯಾಡಂತ ಡಿಪೋಕ್ಕ ನಾವ ಬರದ್ವಿ. ನಿಮಗಂತೂ ಆರು ಗಾಡಿ ಅದಾವಲ್ರಿ, ಸರ್!’

ಅವನು ತಮಾಷೆ ಮಾಡುತ್ತಿರಲಿಲ್ಲ. ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ದಿನಾ ಗೇಟಿನ ಮುಂದೆ ನಿಲ್ಲುತ್ತಿದ್ದ ಬಸ್ಸು ಅವನ ಕಿಟಕಿಗೇ ಕಾಣುತ್ತಿತ್ತು!

ಮಾಸ್ತರರು ಮರುದಿನ ಬಿಸಿಲಲ್ಲಿ ಹೆದ್ದಾರಿಯಿಂದ ಏರು ಹತ್ತಿ ನಡೆದು ಬಂದರು. ಬೆವರು ಒರೆಸಿಕೊಳ್ಳದೆ ಪೆನ್ನಿನ ಮುಚ್ಚಳ ಕಚ್ಚಿದರು. ಗಾಡಿ ನಂಬರಿನ ಕಾಲಮಿನಲ್ಲಿ, ಹಾಳೆ ಹರಿಯುವಂತೆ ಒತ್ತಿ ಬರೆದರು:

‘ನೀವ ಕಸಗೊಂಡ್ರಿ.’