ಉಣ್ಣೆ ಬೆರೆಸಿದ ಇಟ್ಟಿಗೆ

ತೆಲಂಗಾಣದ ಗಡಿಯಲ್ಲಿರುವ ಝರಾಸಂಗಂ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಒಂದು ಬೇಸಿಗೆ ರಜೆಯಲ್ಲಿ ಹೈದರಾಬಾದಿನ ಎಂಜಿನಿಯರಿಂಗ್ ಕಾಲೇಜೊಂದು ನಮ್ಮಂಥ ಶಿಕ್ಷಕರನ್ನು ತನ್ನ ಪ್ರಯೋಗಾಲಯಕ್ಕೆ ಕರೆಯಿತು. ಆರು ವಾರ ನಾರು ಬೆರೆಸಿದ ಸಿಮೆಂಟ್ ತುಂಡುಗಳನ್ನು ಮಾಡುವುದು, ಯಂತ್ರಕ್ಕಿಟ್ಟು ಮುರಿಯುವುದು, ಇದೇ ಕೆಲಸ. ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆಯನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದದ್ದು ಅಲ್ಲಿ. ನನ್ನ ಮೊದಲ ತುಂಡು ಪುಡಿಯಾದಾಗ ನಾಚಿಕೆಯಿಂದ ಬಚ್ಚಿಡಲು ಹೋದೆ. ಪ್ರೊಫೆಸರ್ ನಕ್ಕು, "ಅದನ್ನೇ ಮೊದಲು ಬರೆದಿಡಿ" ಎಂದರು.

ಶಾಲೆ ತೆರೆದ ಮೇಲೆ ಏಳನೇ ತರಗತಿಗೆ ಕೇಳಿದೆ: ಮಣ್ಣಿನ ಇಟ್ಟಿಗೆಗೆ ಏನು ಬೆರೆಸಿದರೆ ಹೆಚ್ಚು ಭಾರ ತಡೆಯುತ್ತದೆ?

"ಪಾಠ ಬಿಟ್ಟು ಕೆಸರಾಟ ಏನ್ರಿ ಇದು, ಅಕ್ಕೋರ?" ಎಂದರು ಹೆಡ್‌ಮಾಸ್ತರರು.

"ಒಂದ್ ತಿಂಗಳ ಕೊಡ್ರಿ ಸರ್, ಆಮ್ಯಾಲ ಬೈರಿ" ಎಂದೆ.

ಮಕ್ಕಳು ಹುಲ್ಲು, ಗೋಣಿನಾರು ತಂದರು. ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು ಉಣ್ಣೆ ತಂದಳು. "ಇಟ್ಟಂಗಿಗಿ ಚಳಿ ಹತ್ಯದೇನ?" ಎಂದು ತರಗತಿಯೆಲ್ಲ ನಕ್ಕಿತು. ಒಂದೊಂದನ್ನೂ ಮಣ್ಣಿಗೆ ಬೆರೆಸಿ ಇಟ್ಟಿಗೆ ಮಾಡಿ ಒಣಗಿಸಿದರು. ಅವನ್ನು ಒಂದೊಂದಾಗಿ ಎರಡು ಕಲ್ಲುಗಳ ನಡುವೆ ಸೇತುವೆಯಂತೆ ಇಟ್ಟು, ಕೆಳಗೆ ಬಕೆಟ್ ತೂಗಿಬಿಟ್ಟು, ಲೋಟದಲ್ಲಿ ಮರಳು ಸುರಿದೆವು. ಎಲ್ಲಕ್ಕಿಂತ ಮೊದಲು ಮುರಿದದ್ದು ಉಣ್ಣೆಯದೇ.

"ನಂದು ಕೆಟ್ಟೋತ್ರಿ ಅಕ್ಕೋರ." ಅವಳ ಕಣ್ಣು ತುಂಬಿತ್ತು.

"ಯಾಕ ಮುರೀತು ನೋಡು. ನೋಡಿದ್ದು ಬರಕೊ."

ಅವಳು ಕುಕ್ಕರಗಾಲಲ್ಲಿ ಕೂತು ಚೂರುಗಳನ್ನು ಬಿಡಿಸಿದಳು. "ಉಣ್ಣಿ ಒಂದ್ ಕಡೀಗೇ ಗಂಟಾಗ್ಯದರಿ. ಮಣ್ಣಿನಾಗ ಬೆರತೇ ಇಲ್ಲ."

ಉಣ್ಣೆಯನ್ನು ಎಳೆಎಳೆಯಾಗಿ ಬಿಡಿಸುವುದನ್ನು ಅವಳ ಅಜ್ಜಿ ಕಲಿಸಿದಳು. ಹುಡುಗಿ ಎಳೆಗಳನ್ನು ಬೆರಳುದ್ದ ಕತ್ತರಿಸಿ, ಚಿಟಿಕೆ ಚಿಟಿಕೆಯಾಗಿ ಮಣ್ಣಿಗೆ ಉದುರಿಸಿ ಕಲಸಿದಳು. ಉಳಿದವರೂ ಹೊಸದಾಗಿ ಇಟ್ಟಿಗೆ ಮಾಡಿದರು.

ಎರಡನೆಯ ಸಲ ಹುಲ್ಲಿನದು ಹದಿನೆಂಟನೇ ಲೋಟಕ್ಕೆ ಬಿತ್ತು. ಉಣ್ಣೆಯದು ಇಪ್ಪತ್ತು ದಾಟಿತು, ಮೂವತ್ತು ದಾಟಿತು. ನಕ್ಕಿದ್ದವರೇ ಈಗ ಗಂಟಲು ಹರಿಯುವಂತೆ ಎಣಿಸುತ್ತಿದ್ದರು. ಬಕೆಟ್ ತುಂಬಿತು. ಗದ್ದಲಕ್ಕೆ ಹೊರಬಂದ ಹೆಡ್‌ಮಾಸ್ತರರು ತಾವೇ ಒಂದು ಕಲ್ಲೆತ್ತಿ ಮರಳಿನ ಮೇಲಿಟ್ಟರು. ಟಪ್ಪೆಂದು ಬಿರುಕು ಬಿಟ್ಟಿತು. ಆದರೆ ಇಟ್ಟಿಗೆ ಎರಡಾಗಲಿಲ್ಲ.

"ಯಾಕ ಬೀಳವಲ್ದು?"

"ಎಳಿ ಹಿಡಕೊಂಡಾವ್ರಿ ಸರ್" ಎಂದಳು ಹುಡುಗಿ. "ಮಣ್ಣು ಸೀಳಿದ್ರೂ ಅವು ಬಿಡಂಗಿಲ್ಲ."

"ಶಾಬಾಸ್!" ಎಂದವರೇ ಎಂಟನೇ ತರಗತಿಯನ್ನೂ ವರಾಂಡಕ್ಕೆ ಕರೆಸಿದರು. ತನಗಿಂತ ದೊಡ್ಡ ಮಕ್ಕಳ ಮುಂದೆ ಆ ಹುಡುಗಿ ಬಿರುಕಿನ ಮೇಲೆ ಬೆರಳಿಟ್ಟು ವಿವರಿಸಿದಳು. ನಾನು ಹಿಂದೆ ನಿಂತು ಕೇಳಿದೆ. ನನಗಿಂತ ಚೆನ್ನಾಗಿ ಹೇಳಿದಳು.